ಬಿಲ್ಲು ಹೋಯಿತು, ಬೇಹು ಉಳಿಯಿತು

ಆಂಟಾಪ್ ಹಿಲ್‌ನ ಸಣ್ಣ ಕಚೇರಿಯಾದರೂ ಸರಿ, ಅಲ್ಲಿನ ಇಪಿಎಬಿಎಕ್ಸ್ ಪ್ರತಿ ಕರೆಗೂ ಒಂದು ಸಾಲು ಬರೆದಿಡಬಲ್ಲದು: ಯಾವ ಎಕ್ಸ್‌ಟೆನ್ಷನ್, ಯಾವ ನಂಬರು, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡು. ಎಂಟಿಎನ್‌ಎಲ್ ಪಲ್ಸ್ ಎಣಿಸಿ ಬಿಲ್ ಕಳಿಸುತ್ತಿದ್ದಾಗ ಇದಕ್ಕೆ ಅರ್ಥವಿತ್ತು. ಎಸ್‌ಟಿಡಿ ಖರ್ಚು ಯಾವ ವಿಭಾಗದ್ದೆಂದು ತಿಳಿಯಬೇಕಿತ್ತು. ಈಗ ಬಹುತೇಕ ಪ್ಲಾನ್‌ಗಳಿಗೆ ತಿಂಗಳಿಗೊಂದೇ ಮೊತ್ತ. ಬಿಲ್ಲಿಗೆಂದು ಹುಟ್ಟಿದ ಪಟ್ಟಿ ಮಾತ್ರ ನೌಕರರ ಅಂಕಪಟ್ಟಿಯಾಗಿ ಕೂತಿದೆ.

ಹಿಂದಿ ಬಾರದ ಅಜ್ಜಿಗೆ ಕನ್ನಡದಲ್ಲಿ ಒಂಬತ್ತು ನಿಮಿಷ ಬಿಡಿಸಿ ಹೇಳಿದವಳು ಅದರಲ್ಲಿ ಮಂದಗತಿ. ಎರಡೇ ನಿಮಿಷಕ್ಕೆ ಸಾಗಹಾಕಿದವನು ಚುರುಕು. ಭಾಷೆಗೆ, ತಾಳ್ಮೆಗೆ ಅಲ್ಲಿ ಕಾಲಂ ಇಲ್ಲ.

ಟೆಲಿಕಾಂ ಕಂಪನಿಗಳು ಕರೆ ದಾಖಲೆಯನ್ನು ಕನಿಷ್ಠ 2 ವರ್ಷ ಇಡಬೇಕೆನ್ನುವ 2021ರ ಲೈಸೆನ್ಸ್ ತಿದ್ದುಪಡಿಗೆ ಭದ್ರತೆಯ ಕಾರಣವಾದರೂ ಇದೆ. ಕಚೇರಿಯ ಪಟ್ಟಿಗೆ? ಏನನ್ನು, ಯಾಕೆ, ಎಷ್ಟು ದಿನ ಇಡುತ್ತೇವೆಂದು ನೌಕರರಿಗೆ ಬರೆದು ಕೊಡಲಿ. ಕಾರಣ ಹೇಳಲಾಗದ ಸಾಲನ್ನು ಅಳಿಸಲಿ.