ಬೀಗಕ್ಕೆ ಸುರಕ್ಷತೆ ಎಂದು ಹೆಸರಿಡಬೇಡಿ

ಗೇಮಿಂಗ್ ಲ್ಯಾಪ್‌ಟಾಪಿನ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡುವುದು, ಅಂದರೆ ನಿಗದಿಗಿಂತ ವೇಗವಾಗಿ ಓಡಿಸುವುದು, ಪಡ್ಡೆ ಹುಡುಗರ ಶೋಕಿ ಎಂಬ ತಾತ್ಸಾರ ನಮ್ಮಲ್ಲಿದೆ. ಆ ತಾತ್ಸಾರದ ಮರೆಯಲ್ಲೇ ಕಂಪನಿಗಳು ನಾವು ದುಡ್ಡು ಕೊಟ್ಟು ಕೊಂಡ ಯಂತ್ರದ ಮೇಲಿನ ಹಕ್ಕನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತಿವೆ.

ನಾನು ಗೇಮ್ ಆಡುವವಳಲ್ಲ. ಹಳೆಯ ಕನ್ನಡ ಪತ್ರಿಕೆಗಳ ಸ್ಕ್ಯಾನ್ ಪುಟಗಳನ್ನು ಓಸಿಆರ್ ಮೂಲಕ ಪಠ್ಯವಾಗಿಸುವುದು ನನ್ನ ಪಿಎಚ್‌.ಡಿ. ಕೆಲಸದ ಭಾಗ. ಅದಕ್ಕೆ ಯಂತ್ರ ರಾತ್ರಿಯಿಡೀ ಓಡಬೇಕು. ತಡವಾಗಿ ಬರುವ ಫೆಲೋಶಿಪ್ಪಿನಲ್ಲಿ ಹೊಸದನ್ನು ಕೊಳ್ಳುವ ಮಾತೆಲ್ಲಿ? ಸೆಕೆಂಡ್ ಹ್ಯಾಂಡ್ ಗೇಮಿಂಗ್ ಲ್ಯಾಪ್‌ಟಾಪನ್ನೇ ಬಾಳಿಸಬೇಕು.

2013ರ ಇಂಟೆಲ್ ಹ್ಯಾಸ್‌ವೆಲ್ ತಲೆಮಾರಿನವರೆಗೆ ಹಲವು ಲ್ಯಾಪ್‌ಟಾಪುಗಳ ಪ್ರೊಸೆಸರ್ ಸಾಕೆಟ್ಟಿನಲ್ಲಿ ಕೂರುತ್ತಿತ್ತು. ಸ್ಕ್ರೂ ಬಿಚ್ಚಿ, ಮದರ್‌ಬೋರ್ಡ್ ಒಪ್ಪುವ ಇನ್ನೂ ಚುರುಕಾದದ್ದನ್ನು ಹಾಕಬಹುದಿತ್ತು. ಆಮೇಲೆ ಬಂದವನ್ನು ಬೋರ್ಡಿಗೇ ಬೆಸೆದುಬಿಟ್ಟರು. ಮೊದಲ ಹಕ್ಕು ಹೋದದ್ದು ಹಾಗೆ.

ಉಳಿದದ್ದು, ಇರುವ ಚಿಪ್ಪಿನಿಂದಲೇ ಹೆಚ್ಚು ಕೆಲಸ ತೆಗೆಯುವ ದಾರಿ. ಚಿಪ್ ಬಳಸುವ ವಿದ್ಯುತ್ತು ಅದರ ವೇಗದ ಜೊತೆಗೂ ಏರುತ್ತದೆ, ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತದೆ. ಎರಡನ್ನೂ ಶೇ. 10ರಷ್ಟು ಏರಿಸಿದರೆ ಶಾಖ ಸುಮಾರು ಶೇ. 33ರಷ್ಟು ಹೆಚ್ಚುತ್ತದೆ. ತೆಳ್ಳನೆಯ ಲ್ಯಾಪ್‌ಟಾಪಿನ ಫ್ಯಾನು ಅದನ್ನು ಹೊರಹಾಕಲಾರದು. ಚಿಪ್ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ತಲುಪಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಏರಿಸಿದ್ದೆಲ್ಲ ನೀರಿನಲ್ಲಿ ಹೋಮ. ವೇಗ ಮುಟ್ಟದೆ ವೋಲ್ಟೇಜನ್ನಷ್ಟೇ ಶೇ. 10 ಇಳಿಸಿದರೆ ವಿದ್ಯುತ್ತು ಸುಮಾರು ಶೇ. 19 ಉಳಿಯುತ್ತದೆ, ತಂಪಾದ ಚಿಪ್ ಹೆಚ್ಚು ಹೊತ್ತು ಪೂರ್ಣ ವೇಗದಲ್ಲಿ ಓಡುತ್ತದೆ. ಇದೇ ಅಂಡರ್‌ವೋಲ್ಟಿಂಗ್. ಕೆಲವೇ ಮಿಲಿವೋಲ್ಟ್‌ನಂತೆ ಇಳಿಸುತ್ತ, ಪ್ರತಿ ಹಂತದಲ್ಲೂ ಗಂಟೆಗಟ್ಟಲೆ ಪೂರ್ಣ ಹೊರೆ ಹೇರಿ ನೋಡಬೇಕು. ತಡವರಿಸಿದರೆ ಒಂದು ಹೆಜ್ಜೆ ಹಿಂದೆ ಬರಬೇಕು.

ಈ ದಾರಿಗೂ ಬೀಗ ಬಿತ್ತು. ವೋಲ್ಟೇಜ್ ಇಳಿಸುವ ಮೂಲಕ ಇಂಟೆಲ್ ಚಿಪ್ಪಿನ ಎಸ್‌ಜಿಎಕ್ಸ್ ಎಂಬ ರಕ್ಷಿತ ಭಾಗದ ಲೆಕ್ಕವನ್ನೇ ಕೆಡಿಸಬಹುದೆಂದು 2019ರ ಡಿಸೆಂಬರಿನಲ್ಲಿ ಸಂಶೋಧಕರು ತೋರಿಸಿದರು. ಅದರ ಹೆಸರು ಪ್ಲಂಡರ್‌ವೋಲ್ಟ್. ದೋಷ ನಿಜ, ಪರಿಹಾರವೂ ಬೇಕಿತ್ತು. ಆದರೆ ದಾಳಿಕೋರನಿಗೆ ಯಂತ್ರದ ಮೇಲೆ ಮೊದಲೇ ಪೂರ್ಣ ಅಧಿಕಾರ ಇದ್ದರಷ್ಟೇ ಈ ದಾಳಿ ಸಾಧ್ಯ. ಎಸ್‌ಜಿಎಕ್ಸ್ ಬಳಸದ ನನ್ನಂಥವರಿಗೂ ಇದೇ ಮದ್ದು ಯಾಕೆ? ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಬಯೋಸ್ ಅಪ್‌ಡೇಟ್ ಆದಮೇಲೆ ವೋಲ್ಟೇಜಿನ ಆಯ್ಕೆಯೇ ಮಾಯ. ತಯಾರಕರು ಕೇಳಲೂ ಇಲ್ಲ, ಹೇಳಲೂ ಇಲ್ಲ.

ಅರಿಯದವರು ಕೈ ಹಾಕಿ ಕೆಡಿಸಿಕೊಂಡಾರು ಎಂಬ ಆಕ್ಷೇಪ ಬರುತ್ತದೆ. ಸರಿ, ಕಾರ್ಖಾನೆಯಿಂದ ಬರುವಾಗ ಬೀಗ ಹಾಕಿಯೇ ಕೊಡಿ. ಬಯೋಸಿನಲ್ಲಿ ಎಚ್ಚರಿಕೆಯ ಸಾಲಿನೊಂದಿಗೆ ಒಂದು ಸ್ವಿಚ್ ಇಡಿ, ತೆರೆಯುವ ನಿರ್ಧಾರ ಮಾಲೀಕರದ್ದಾಗಲಿ.

2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿ ಹಕ್ಕಿನ ಚೌಕಟ್ಟಿಗಾಗಿ ಸಮಿತಿ ನೇಮಿಸಿತು. ಆ ಹಕ್ಕು ಬಿಡಿಭಾಗ, ಸ್ಕ್ರೂಗಳಿಗೆ ನಿಂತರೆ ಸಾಲದು. ಕೊಳ್ಳುವಾಗ ಇದ್ದ ಸೌಲಭ್ಯವನ್ನು ಅಪ್‌ಡೇಟಿನ ಹೆಸರಲ್ಲಿ ಹೇಳದೆ ಕೇಳದೆ ತೆಗೆಯುವುದನ್ನೂ ಅದು ತಡೆಯಬೇಕು.