ವ್ಯಾಯಾಮ ಶಿಕ್ಷಕರು ಒಂದೆಡೆ ಕೂಡಲಿ

ಮಳೆಗಾಲ ಹಿಡಿಯಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಶಾಲೆಗಳಲ್ಲಿ ಕ್ರೀಡಾಕೂಟಗಳ ಸಡಗರ ಪ್ರಾರಂಭವಾಗುತ್ತದೆ. ಮೊದಲು ವಲಯ, ಅನಂತರ ತಾಲೂಕು, ಅಲ್ಲಿ ಗೆದ್ದವರು ವಿಜಯಪುರಕ್ಕೆ, ಮುಂದೆ ಬೆಳಗಾವಿ ವಿಭಾಗಕ್ಕೆ, ದೈವವೊಲಿದರೆ ರಾಜ್ಯದ ಕೂಟಕ್ಕೆ. ಗೆದ್ದ ಮಕ್ಕಳ ಹೆಸರುಗಳು ಪತ್ರಿಕೆಗಳಲ್ಲಿ ಬರುತ್ತವೆ; ಉದ್ಘಾಟಿಸಿದ ಮಹನೀಯರ ಹೆಸರುಗಳಂತೂ ತಪ್ಪದೆ ಬರುತ್ತವೆ. ಬೆಳಗಿನ ಜಾವಕ್ಕೆ ಎದ್ದು ಸುಣ್ಣದ ಗೆರೆ ಎಳೆದವನ, ಆಟಗಾರರ ಪಟ್ಟಿ ಬರೆದವನ, ಬಿಸಿಲಿನಲ್ಲಿ ನಿಂತು ಸೀಟಿ ಊದಿ ಎರಡೂ ಪಕ್ಷದವರಿಂದ ಬೈಸಿಕೊಂಡವನ ಹೆಸರು ಮಾತ್ರ ಎಲ್ಲಿಯೂ ಕಾಣುವದಿಲ್ಲ. ಸರಕಾರದ ಕಾಗದದಲ್ಲಿ ಅವನು ದೈಹಿಕ ಶಿಕ್ಷಕ. ಊರವರ ಬಾಯಲ್ಲಿ ಇಂದಿಗೂ ಡ್ರಿಲ್ ಮಾಸ್ತರ. ಈ ವರ್ಗದಲ್ಲಿ ಈಗ ಅನೇಕ ಸ್ತ್ರೀಯರೂ ಇದ್ದಾರೆಂಬುದು ಸಂತೋಷದ ಸಂಗತಿ. ಇವರೆಲ್ಲರ ಪರವಾಗಿ ಇಂದು ನಾಲ್ಕು ಮಾತು ಬರೆಯುವದು ನಮ್ಮ ಉದ್ದೇಶ.

ಶಾಲೆಯಲ್ಲಿ ಗಣಿತಕ್ಕೆ ಇಬ್ಬರು ಮಾಸ್ತರರಿರಬಹುದು, ಕನ್ನಡಕ್ಕೆ ಇಬ್ಬರಿರಬಹುದು. ಅವರು ಬಿಡುವಿನ ವೇಳೆಯಲ್ಲಿ ಕುಳಿತು ತಮ್ಮ ಪಾಠದ ತೊಡಕುಗಳನ್ನು ಪರಸ್ಪರ ಬಿಡಿಸಿಕೊಳ್ಳುತ್ತಾರೆ. ವ್ಯಾಯಾಮ ಶಿಕ್ಷಕನಾದರೋ ಇದ್ದರೆ ಒಬ್ಬನೇ. ಎಷ್ಟೋ ಪ್ರಾಥಮಿಕ ಶಾಲೆಗಳಲ್ಲಿ ಆ ಒಬ್ಬನೂ ಇಲ್ಲ. ಅವನ ಕೆಲಸದಲ್ಲಿ ತಪ್ಪು ಯಾವುದು, ಒಪ್ಪು ಯಾವುದು ಎಂದು ಹೇಳಬಲ್ಲ ಇನ್ನೊಬ್ಬ ಮನುಷ್ಯ ಆ ಗೋಡೆಗಳೊಳಗೆ ಇರುವದಿಲ್ಲ. ಪ್ರಾರ್ಥನೆಯ ಸಾಲು ನಿಲ್ಲಿಸುವದು, ಗೈರುಹಾಜರಾದ ಮಾಸ್ತರರ ವರ್ಗ ಕಾಯುವದು, ರಾಷ್ಟ್ರೀಯ ಹಬ್ಬಗಳಿಗೆ ಕವಾಯತು ಕಲಿಸುವದು, ಇವುಗಳ ನಡುವೆ ಉಳಿದ ಹೊತ್ತಿನಲ್ಲಿ ಅವನು ಖೋ-ಖೋ ಕಲಿಸಬೇಕು. ತಾಲೂಕಿಗೊಬ್ಬ ದೈಹಿಕ ಶಿಕ್ಷಣಾಧಿಕಾರಿಯ ಸ್ಥಾನವೂ ಜಿಲ್ಲೆಗೊಂದು ಸ್ಥಾನವೂ ಉಂಟು. ಆದರೆ ಆ ಅಧಿಕಾರಿಗಳ ಹೊತ್ತೂ ಬಹುಮಟ್ಟಿಗೆ ಕೂಟಗಳ ವ್ಯವಸ್ಥೆಯಲ್ಲಿಯೇ ಕಳೆದುಹೋಗುತ್ತದೆ.

ಹಾಗಾದರೆ ಈ ಶಿಕ್ಷಕರು ಒಬ್ಬರನ್ನೊಬ್ಬರು ಕಾಣುವದೇ ಇಲ್ಲವೆ? ಕಾಣುತ್ತಾರೆ, ಸ್ಪರ್ಧೆಯ ದಿನ. ಅಂದು ಅವರು ಸಹೋದ್ಯೋಗಿಗಳಲ್ಲ, ಪ್ರತಿಪಕ್ಷದವರು. ತನ್ನ ಶಾಲೆಯ ತಂಡ ಅಂಗಳದಲ್ಲಿರುವಾಗ ಪಕ್ಕದ ಊರಿನ ಮಾಸ್ತರನನ್ನು ಕರೆದು, ನಿಮ್ಮ ಹುಡುಗಿಯರು ಕಂಬವನ್ನು ಇಷ್ಟು ಚುರುಕಾಗಿ ತಿರುಗುವದನ್ನು ಹೇಗೆ ಕಲಿಸಿದಿರಿ ಎಂದು ಕೇಳುವ ವಿರಾಮ ಯಾರಿಗಿದೆ? ಕೂಟಕ್ಕೆ ಮುಂಚೆ ಒಂದು ಪೂರ್ವಭಾವಿ ಸಭೆ ಸೇರುವದೂ ನಿಜ. ಅಲ್ಲಿ ದಿನಾಂಕ, ಊಟ, ಪೆಂಡಾಲು, ನಿರ್ಣಾಯಕರ ಹೆಸರು ಇವುಗಳ ವಿಚಾರ ನಡೆಯುತ್ತದೆಯೇ ಹೊರತು ವಿದ್ಯೆಯ ವಿಚಾರ ನಡೆಯುವದಿಲ್ಲ.

ವಿದ್ಯೆಯೇ? ಸೀಟಿ ಊದುವದರಲ್ಲಿ ವಿದ್ಯೆ ಏನಿದೆ? ಎಂದು ಕೆಲವರು ನಗಬಹುದು. ಅಂಥವರಿಗೆ ನಾವು ಒಂದು ಲೆಕ್ಕ ಒಪ್ಪಿಸುತ್ತೇವೆ. ದುಂಡನೆಯ ಅಂಗಳದಲ್ಲಿ ಓಟದ ಪಂದ್ಯ ನಡೆಯಬೇಕಾದರೆ ಹೊರಗಿನ ಲೇನಿನ ಹುಡುಗನನ್ನು ಒಳಗಿನವನಿಗಿಂತ ಮುಂದೆ ನಿಲ್ಲಿಸಬೇಕು. ಎಷ್ಟು ಮುಂದೆ? ಲೇನಿನ ಅಗಲ 1.22 ಮೀಟರು ಇದ್ದಲ್ಲಿ, ಒಳ ಅಂಚಿಗೆ ಕಟ್ಟೆಯಿದ್ದರೆ ಒಂದು ಪೂರ್ಣ ಸುತ್ತಿಗೆ ಎರಡನೆಯವನು 7.04 ಮೀಟರು ಮುಂದೆ, ಆಮೇಲಿನ ಪ್ರತಿಯೊಬ್ಬನೂ ಮತ್ತೆ 7.67 ಮೀಟರಿನಂತೆ ಮುಂದೆ ನಿಲ್ಲಬೇಕು. ಕಟ್ಟೆಯಿಲ್ಲದೆ ಬರಿಯ ಸುಣ್ಣದ ಗೆರೆಯಿದ್ದರೆ ಎರಡನೆಯವನಿಗೂ 7.67 ಮೀಟರೇ. ಅಂಗಳ 400 ಮೀಟರಿನದಿರಲಿ, ನಮ್ಮ ಹಳ್ಳಿಗಳಲ್ಲಿರುವಂತೆ 200 ಮೀಟರಿನದಿರಲಿ, ಒಂದು ಸುತ್ತಿಗೆ ಈ ಅಂತರ ಬದಲಾಗುವದಿಲ್ಲ. ಅಂಗಳ ಅರ್ಧವಾದುದರಿಂದ ಅಂತರವೂ ಅರ್ಧವೆಂದು ತಿಳಿದು ಗೆರೆ ಹಾಕಿದವನು ಹೊರಗಿನ ಲೇನಿನ ಮಗುವಿಗೆ ತಿಳಿಯದೆಯೇ ಅನ್ಯಾಯ ಮಾಡಿದಂತಾಯಿತು. ಆ ಮಗು ಸೋತು ಮನೆಗೆ ಹೋಗುತ್ತದೆ. ಸೋಲು ತನ್ನ ಕಾಲಿನದೆಂದೇ ನಂಬುತ್ತದೆ.

ನಿಯಮಗಳಾದರೂ ಒಂದೇ ಕಡೆ ನಿಲ್ಲುತ್ತವೆಯೆ? 100 ಮೀಟರಿನ ನಾಲ್ವರ ರಿಲೇ ಓಟದಲ್ಲಿ ಬೇಟನ್ ಬದಲಿಸುವ ಪಟ್ಟಿ ಮೊದಲು 20 ಮೀಟರು ಇದ್ದಿತು, ಅದರ ಹಿಂದೆ ಓಟ ಹಿಡಿಯಲಿಕ್ಕೆ ಬೇರೆ 10 ಮೀಟರು. 2017ರ ನವೆಂಬರದಿಂದ ಜಾಗತಿಕ ನಿಯಮವು ಎರಡನ್ನೂ ಕೂಡಿಸಿ 30 ಮೀಟರಿನ ಒಂದೇ ಪಟ್ಟಿಯನ್ನಾಗಿ ಮಾಡಿತು. ವಾಲಿಬಾಲಿನಲ್ಲಿ ಸರ್ವಿಸ್ ಮಾಡಿದವರಿಗೆ ಮಾತ್ರ ಅಂಕವೆಂಬ ಪದ್ಧತಿ 1990ರ ದಶಕದ ಕೊನೆಯಲ್ಲಿಯೇ ಬಿದ್ದುಹೋಯಿತು. 2014ರಲ್ಲಿ ಪ್ರಾರಂಭವಾದ ಪ್ರೊ ಕಬಡ್ಡಿಯು ನಮ್ಮ ಹಳೆಯ ಹುತುತುವಿಗೆ ಹೊಸ ಹೊಸ ಕಟ್ಟುಗಳನ್ನು ಸೇರಿಸಿತು. ಖೋ-ಖೋ ಆಟದಲ್ಲಿ ಎಂಟು ಮಂದಿ ಕುಳಿತು ಒಬ್ಬನು ಬೆನ್ನಟ್ಟುವದನ್ನು ನಾವು ಬಾಲ್ಯದಿಂದ ಕಂಡಿದ್ದೇವೆ. 2022ರ ಅಲ್ಟಿಮೇಟ್ ಖೋ-ಖೋದಲ್ಲಿ ಯಾವ ದಿಕ್ಕಿಗಾದರೂ ಓಡಬಲ್ಲ ವಜೀರನು ಬಂದನು. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ಮೊದಲನೆಯ ಖೋ-ಖೋ ವಿಶ್ವಕಪ್ಪನ್ನು ಭಾರತದ ಪುರುಷರೂ ಸ್ತ್ರೀಯರೂ ಗೆದ್ದುಕೊಂಡರು. ನಮ್ಮ ಮಕ್ಕಳು ಅದನ್ನು ಮೊಬೈಲಿನಲ್ಲಿ ನೋಡುತ್ತಾರೆ, ಮರುದಿನ ಅಂಗಳದಲ್ಲಿ ಮಾಸ್ತರರನ್ನು ಪ್ರಶ್ನಿಸುತ್ತಾರೆ. ಯಾವುದು ಟೀವಿಯ ಆಟದ ನಿಯಮ, ಯಾವುದು ಶಾಲಾ ಕೂಟದ ನಿಯಮ ಎಂದು ಮಾಸ್ತರರು ಯಾರನ್ನು ಕೇಳಬೇಕು?

ತಿಳಿವಳಿಕೆಯಿಲ್ಲದ ಉತ್ಸಾಹ ಹೊಸದೇನೂ ಅಲ್ಲ. 1920ರ ಆಂಟ್ವರ್ಪ್ ಒಲಿಂಪಿಕ್ಕಿಗೆ ಸರ್ ದೋರಾಬ್ಜಿ ಟಾಟಾ ಅವರು ಮುಂದಾಗಿ ತಂಡವನ್ನು ಕಳಿಸಿದರಷ್ಟೆ. ಅದರ ಸಿದ್ಧತೆಯ ಕಾಲಕ್ಕೆ ಪುಣೆಯ ಡೆಕ್ಕನ್ ಜಿಮಖಾನಾದ ಪ್ರಮುಖರೊಬ್ಬರು 100 ಮೀಟರು ಓಟಕ್ಕೆ ಒಂದೆರಡು ಮಿನಿಟು ಹಿಡಿಯಬಹುದೆಂದು ಊಹಿಸಿದ್ದರೆಂದೂ, ಅಲ್ಲಿ ಲೆಕ್ಕ ನಡೆಯುವದು ಸೆಕೆಂಡಿನ ಭಾಗಗಳಲ್ಲಿ ಎಂದು ಕೇಳಿ ಬೆರಗಾದರೆಂದೂ ಹೇಳುತ್ತಾರೆ. ಅದೇ ಒಲಿಂಪಿಕ್ಕಿನ ಮ್ಯಾರಥಾನಿನಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು 19ನೆಯವರಾಗಿ ಬಂದರು. ಕಾಲಿನಲ್ಲಿ ಶಕ್ತಿ ಇದ್ದಿತು. ಅಳೆಯುವವರ ಕೈಯಲ್ಲಿ ಗಡಿಯಾರದ ಜ್ಞಾನ ಆಮೇಲೆ ಬಂದಿತು. ಮುಂದೆ ಮುಂಬಯಿ ಸರಕಾರವು 1938ರಲ್ಲಿ ಕಾಂದಿವಲಿಯಲ್ಲಿ ವ್ಯಾಯಾಮ ಶಿಕ್ಷಣದ ಸಂಸ್ಥೆಯನ್ನು ತೆರೆಯಿತು. ಆಗ ವಿಜಯಪುರ ಜಿಲ್ಲೆಯೂ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಮದ್ರಾಸಿನ ವೈ.ಎಂ.ಸಿ.ಎ. ಕಾಲೇಜು ಅದಕ್ಕೂ ಮುಂಚೆ, 1920ರಲ್ಲಿಯೇ, ಈ ಕೆಲಸವನ್ನು ಕೈಗೊಂಡಿದ್ದಿತು. ಇಂದು ಪದವಿಗೆ ದೂರ ಹೋಗಬೇಕಾಗಿಲ್ಲ. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲಿಯೇ ದೈಹಿಕ ಶಿಕ್ಷಣದ ವಿಭಾಗ ಉಂಟು. ಆದರೆ ಪದವಿಯು ಒಮ್ಮೆ ಸಿಕ್ಕುವದು, ನೌಕರಿಯು ಮೂವತ್ತು ವರ್ಷ ನಡೆಯುವದು. ನಡುವಿನ ಮೂವತ್ತು ವರ್ಷ ಬುತ್ತಿ ಕಟ್ಟಿಕೊಡುವವರು ಯಾರು?

ನಮ್ಮ ಗರಡಿಗಳ ವಸ್ತಾದರು ಈ ವಿಷಯದಲ್ಲಿ ಶಾಲೆಗಳಿಗಿಂತ ಜಾಣರಾಗಿದ್ದರೆಂದು ನಮಗೆ ಅನಿಸುತ್ತದೆ. ಜಾತ್ರೆಯ ಕುಸ್ತಿಗೆ ಅವರು ಪೈಲವಾನರನ್ನು ಮಾತ್ರ ಕರೆತರುತ್ತಿರಲಿಲ್ಲ. ಕಣ ಮುಗಿದ ಮೇಲೆ ರಾತ್ರಿ ಕುಳಿತು ಪಟ್ಟುಗಳ ಮಾತಾಡುತ್ತಿದ್ದರು. ಇವನ ಶಿಷ್ಯನನ್ನು ಅವನ ತಾಲೀಮಿಗೆ ಆರು ತಿಂಗಳು ಬಿಡುವದು, ಅವನ ಹುಡುಗನನ್ನು ಇವನು ಸಾಕುವದು, ಹೀಗೆ ಕೊಳ್ಳಕೊಡುವ ವ್ಯವಹಾರ ಸಾಂಗಲಿ, ಕೊಲ್ಲಾಪುರಗಳ ವರೆಗೆ ನಡೆಯುತ್ತಿತ್ತು. ಯಾವ ಸರಕಾರವೂ ಅದಕ್ಕೆ ಸುತ್ತೋಲೆ ಹೊರಡಿಸಲಿಲ್ಲ. ಅಮೇರಿಕೆಯ ಶಾಲಾ ಕ್ರೀಡಾಧಿಕಾರಿಗಳು 1977ರಲ್ಲಿ ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಂಡು ವರ್ಷಕ್ಕೊಮ್ಮೆ ಕೂಡುತ್ತಾರೆ. ಅವರಲ್ಲಿ ಹಣವಿದೆ; ನಮ್ಮ ವಸ್ತಾದರಲ್ಲಿ ಇದ್ದುದು ಜೋಳದ ರೊಟ್ಟಿ ಮಾತ್ರ.

ಕಾಯದೆಯ ಬಲವಿಲ್ಲವೆಂದು ಹೇಳುವಂತಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯದೆಯು ಪ್ರತಿಯೊಂದು ಶಾಲೆಗೆ ಆಟದ ಬಯಲು ಬೇಕೆಂದಿತು. 6ರಿಂದ 8ನೆಯ ಇಯತ್ತೆಗಳಲ್ಲಿ ನೂರಕ್ಕೆ ಮಿಕ್ಕಿ ಮಕ್ಕಳಿದ್ದಲ್ಲಿ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕನಾದರೂ ಬೇಕೆಂದಿತು. ಸಮಗ್ರ ಶಿಕ್ಷಾ ಯೋಜನೆಯು ಕ್ರೀಡಾ ಸಾಮಗ್ರಿಗೆ ವರ್ಷಕ್ಕೆ ಕಿರಿಯ ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿಗಳ ವರೆಗೆ ಗೊತ್ತುಮಾಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿಯೊಬ್ಬ ಶಿಕ್ಷಕನಿಗೂ ವರ್ಷಕ್ಕೆ ಕನಿಷ್ಠ 50 ತಾಸು ವೃತ್ತಿಯ ಅಭ್ಯಾಸಕ್ಕೆ ಅವಕಾಶ ದೊರೆಯಬೇಕೆಂದು ಹೇಳಿದೆ. ನೀತಿಯ ಮಾತಿನಲ್ಲಿ ಡ್ರಿಲ್ ಮಾಸ್ತರನನ್ನು ಹೊರಗಿಟ್ಟಿಲ್ಲ. ಅವನ ಪಾಲಿನ 50 ತಾಸುಗಳು ಎಲ್ಲಿ ಹೋದವು? ಚೆಂಡಿಗೆ ದುಡ್ಡು ಕೊಟ್ಟು ಚೆಂಡು ಆಡಿಸುವವನ ತಲೆಗೆ ಏನೂ ಕೊಡದಿರುವದು ಎಂಥ ಜಿಪುಣತನ?

ಇದರಲ್ಲಿ ಹೆಚ್ಚಿನ ಹಾನಿ ಹೆಣ್ಣುಮಕ್ಕಳದು. ವಿಜಯಪುರದಲ್ಲಿ ಹುಟ್ಟಿದ ರಾಜೇಶ್ವರಿ ಗಾಯಕವಾಡರು 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲಂಡಿನ ಎದುರು 15 ಓಟಗಳಿಗೆ 5 ಹುದ್ದರಿಗಳನ್ನು ಉರುಳಿಸಿದಾಗ ಜಿಲ್ಲೆಯೆಲ್ಲ ಹಿಗ್ಗಿತು. ಹಿಗ್ಗಿದ ತಂದೆತಾಯಿಗಳೇ ತಮ್ಮ ಮಗಳನ್ನು ತಾಲೂಕಿನ ಕೂಟಕ್ಕೆ ಕಳಿಸಬೇಕಾದಾಗ ಹಿಂದೆಗೆಯುತ್ತಾರೆ. ಅವರನ್ನು ನಾವು ಹಳಿಯಲಾರೆವು. ಹುಡುಗಿಯರು ಎಲ್ಲಿ ಇಳಿದುಕೊಳ್ಳುವರು, ಬಟ್ಟೆ ಬದಲಿಸಲಿಕ್ಕೆ ಕೋಣೆ ಉಂಟೆ, ಜೊತೆಗೆ ಶಿಕ್ಷಕಿ ಬರುವಳೆ, ಮರಳುವಾಗ ಕತ್ತಲಾದರೆ ಹೇಗೆ ಎಂದು ಅವರು ಕೇಳುವ ಪ್ರಶ್ನೆಗಳು ನ್ಯಾಯವಾದವು. 2012ರ ಪೋಕ್ಸೊ ಕಾಯದೆಯ ಹೊಣೆ ಶಿಕ್ಷಕರ ಮೇಲೆ ಏನಿದೆಯೆಂಬುದನ್ನೂ ಅವರಿಗೆ ಯಾರಾದರೂ ಕುಳ್ಳಿರಿಸಿ ತಿಳಿಸಬೇಕಷ್ಟೆ. ಈ ತೊಡಕುಗಳನ್ನು ಬಿಡಿಸಿ ಹೆಣ್ಣುಮಕ್ಕಳ ತಂಡವನ್ನು ವರ್ಷವರ್ಷವೂ ತರುವ ಶಿಕ್ಷಕ ಶಿಕ್ಷಕಿಯರು ನಾಲ್ಕೂ ತಾಲೂಕುಗಳಲ್ಲಿ ಇದ್ದಾರೆ. ಅವರು ಊರವರ ಮನವೊಲಿಸಿದ ಬಗೆಯು ಪಕ್ಕದ ಊರಿಗೆ ತಿಳಿಯುವದಿಲ್ಲ. ಇನ್ನೊಂದು ಮಾತು: ಓಡುತ್ತೋಡುತ್ತ ಮಗು ಕುಸಿದು ಬಿದ್ದು ಉಸಿರು ನಿಂತಾಗ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ ಒತ್ತುವ ವಿದ್ಯೆಯನ್ನು ಕಾಗದದಿಂದ ಕಲಿಯಲಾಗದು. ಕೈಯಿಂದ ಕೈಗೆ ಕಲಿಯಬೇಕು.

ಈಗೇನು, ವಾಟ್ಸಾಪಿನ ಗುಂಪುಗಳಿವೆಯಲ್ಲ ಎಂದು ಅಧಿಕಾರಿಗಳು ಹೇಳಬಹುದು. ಇವೆ, ಸುತ್ತೋಲೆಗಳೂ ಶುಭಾಶಯಗಳೂ ಅವುಗಳಲ್ಲಿ ಧಾರಾಳವಾಗಿ ಬರುತ್ತವೆ. ಆದರೆ ಮೊಬೈಲಿನಲ್ಲಿ ಟೇಪು ಹಿಡಿದು ಅಂಗಳ ಅಳೆಯಲಿಕ್ಕೆ ಬರುವದಿಲ್ಲ. ಶಾಲೆಯ ದಿನ ಹಾಳಾಗುವದೆಂಬ ಆಕ್ಷೇಪಕ್ಕೆ ತುಸು ತೂಕವಿದೆ. ಆದಕಾರಣ ವರ್ಷಕ್ಕೆ ಎರಡು ದಿನಗಳಿಗಿಂತ ಹೆಚ್ಚು ನಾವು ಬೇಡುವದಿಲ್ಲ. ಇನ್ನು ಬಡ್ತಿ ವೇತನಗಳ ಮಾತು. ಪ್ರೊ. ವೈದ್ಯನಾಥನ್ ಸಮಿತಿಯ ವರದಿಯನ್ನು ಜಾರಿಗೆ ತರಬೇಕೆಂದು ದೈಹಿಕ ಶಿಕ್ಷಕರು ಬಹುಕಾಲದಿಂದ ಕೂಗುತ್ತ ಬಂದಿದ್ದಾರೆ. ಆ ಕೂಗು ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. ಆದರೆ ಅದು ಬೆಂಗಳೂರಿನಲ್ಲಿ ತೀರಬೇಕಾದ ವ್ಯಾಜ್ಯ. ನಾವು ಹೇಳುತ್ತಿರುವ ಕೆಲಸಕ್ಕೆ ಬೆಂಗಳೂರಿನ ಬಾಗಿಲು ಕಾಯಬೇಕಾಗಿಲ್ಲ.

ನಾಲ್ಕು ತಾಲೂಕುಗಳ ದೈಹಿಕ ಶಿಕ್ಷಣಾಧಿಕಾರಿಗಳು ಕೂಡಿ ಜಿಲ್ಲೆಯ ಉಪನಿರ್ದೇಶಕರಿಗೆ ಒಂದು ಪತ್ರ ಬರೆಯಲಿ. ಇತ್ತೀಚೆಗೆ ಬೇರೆಯಾದ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೋಲ್ಹಾರ ಭಾಗಗಳ ಶಾಲೆಗಳೂ ಹಳೆಯ ನಂಟನ್ನು ಬಿಡದೆ ಸೇರಲಿ. ಮೊದಲನೆಯ ಸಮ್ಮೇಲನ ಬಸವನ ಬಾಗೇವಾಡಿಯಲ್ಲಿ ಆಗುವದು ಒಳಿತು. ಮುದ್ದೇಬಿಹಾಳದಿಂದ ಇಂಡಿಗೆ ನೂರು ಕಿಲೋಮೀಟರಿಗೆ ಮಿಕ್ಕಿದ ಹಾದಿ. ಬಾಗೇವಾಡಿಯಾದರೆ ನಡುವಿನಲ್ಲಿದೆ, ಮೂರೂ ಕಡೆಯವರು ಬೆಳಿಗ್ಗೆ ಬಂದು ಸಂಜೆಗೆ ಮರಳಬಹುದು. ಮರುವರ್ಷ ಸರದಿಯಂತೆ ಉಳಿದ ಊರುಗಳಿಗೆ ಹೋಗಲಿ. ಬಂದವರ ಹಾಜರಿಯನ್ನು ಅನ್ಯಕಾರ್ಯ ನಿಮಿತ್ತವೆಂದು ಹಿಡಿದು ಪ್ರವಾಸದ ಭತ್ಯೆ ಕೊಡಬೇಕು. ತಮ್ಮ ಜೇಬಿನಿಂದ ಕರ್ಚು ಮಾಡಿ ಕಲಿಯಿರೆಂದು ಹೇಳುವದು ಶೋಭಿಸದು. ಯುವಜನ ಸೇವೆ ಮತ್ತು ಕ್ರೀಡಾ ಇಲಾಖೆಯ ತರಬೇತಿದಾರರು ವಿಜಯಪುರದ ಸೈಕಲ್ ವಸತಿ ನಿಲಯದಲ್ಲಿ ಇದ್ದಾರೆ. 1963ರಿಂದ ಸೈನಿಕ ಶಾಲೆ ನಡೆದಿದೆ. ಸರಕಾರಿ ಆಸ್ಪತ್ರೆಯ ಡಾಕ್ಟರರಿದ್ದಾರೆ. ಇವರನ್ನು ಕರೆದರೆ ಬಾರದಿರುವಷ್ಟು ದೊಡ್ಡವರಲ್ಲ. ಕರೆಯದೆ ಬರುವಷ್ಟು ಬಿಡುವಿದ್ದವರೂ ಅಲ್ಲ.

ಭಾಷಣಗಳನ್ನು ಅರ್ಧ ತಾಸಿಗೆ ಮುಗಿಸಿ, ಹಾರತುರಾಯಿಗಳನ್ನು ಬಿಟ್ಟು, ಎಲ್ಲರೂ ಅಂಗಳಕ್ಕೆ ಇಳಿಯಲಿ. ಬರುವವರು ಸೀಟಿ, ಹಗ್ಗ, ಅಳತೆಯ ಟೇಪುಗಳನ್ನು ತರಲಿ. ಹಿಂದಿನ ವರ್ಷ ತಮ್ಮ ವಲಯದಲ್ಲಿ ಬಂದ ತಕರಾರು ಅರ್ಜಿಗಳನ್ನೂ ಶಾಲೆಯ ಹೆಸರು ಮರೆಮಾಡಿ ತಂದು ಎಲ್ಲರ ಮುಂದೆ ಬಿಚ್ಚಲಿ. ವಯಸ್ಸಿನ ದಾಖಲೆಯ ಜಗಳ, ಗೆರೆ ತುಳಿದ ಜಗಳ, ಬೇಟನ್ ಬಿದ್ದ ಜಗಳ ಎಲ್ಲವುಗಳಿಗೂ ಅಲ್ಲಿಯೇ ಒಮ್ಮತದ ನಿರ್ಣಯ ಬರೆದಿಟ್ಟು, ನಾಲ್ಕೂ ತಾಲೂಕುಗಳ ನಿರ್ಣಾಯಕರಿಗೆ ಅದರ ಪ್ರತಿ ಹಂಚಬೇಕು. ಈ ವರ್ಷದ ವಲಯ ಕೂಟಗಳ ವೇಳಾಪಟ್ಟಿ ಹೊರಡುವದಕ್ಕೆ ಮುಂಚೆಯೇ ಆ ದಿನ ಗೊತ್ತಾಗಬೇಕು. ಮಳೆ ಬಿದ್ದ ಮೇಲೆ ಮಾಸ್ತರರಿಗೆ ಪುರುಸೊತ್ತು ಇರುವದಿಲ್ಲ.