ಉತ್ತರಕ್ಕೆ ಮೊದಲು ಊಹೆ

“ವರ್ಗಸಮೀಕರಣವನ್ನು ಕಲಿತು ಹೆಣ್ಣುಮಕ್ಕಳಿಗೆ ಆಗಬೇಕಾದುದೇನು?” ಎಂದು ಪೋಷಕರು ನನ್ನನ್ನು ಹಲವು ಬಾರಿ ಕೇಳಿರುತ್ತಾರೆ. ನನ್ನ ಉತ್ತರವು ಪರೀಕ್ಷೆಯ ಮಾತನ್ನು ದಾಟಿ ಹೋಗುತ್ತಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ರಜೆಯಲ್ಲಿ ಇಲ್ಲಿಗೆ ಬಂದು, ಇದಕ್ಕಿಂತ ಉತ್ತಮವಾದ ಉತ್ತರವನ್ನು ತೋರಿಸಿಕೊಟ್ಟಳು.

ಅವಳು ತಂದುದು ಜುಪಿಟರ್ ನೋಟ್‌ಬುಕ್ ಎಂಬ, ಕಂಪ್ಯೂಟರಿನಲ್ಲಿ ತೆರೆಯುವ ಪುಸ್ತಕ. ವಿವರಣೆ, ಪೈಥಾನ್ ಭಾಷೆಯ ಆಜ್ಞೆಗಳು, ಅವುಗಳಿಂದ ಬರುವ ಲೆಕ್ಕ, ರೇಖಾಚಿತ್ರ, ಇವೆಲ್ಲವೂ ಅದರಲ್ಲಿ ಒಂದೇ ಪುಟದಲ್ಲಿರುತ್ತವೆ. ಒಂದು ಅಂಕಿಯನ್ನು ಬದಲಿಸಿ ಆಜ್ಞೆಯನ್ನು ಮತ್ತೆ ನಡೆಯಿಸಿದರೆ ಚಿತ್ರವೂ ಬದಲಾಗುತ್ತದೆ. ಇದಕ್ಕೆ ಹಣ ಕೊಡಬೇಕಾಗಿಲ್ಲ.

ಅವಳ ಪಾಠವು ಚಿಪ್ಪುಗಳ ತಯಾರಿಕೆಯ ಒಂದು ಹಂತದ್ದಾಗಿತ್ತು. ಸಿಲಿಕಾನ್ ಬಿಲ್ಲೆಯನ್ನು 1000 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿಟ್ಟು ಆಮ್ಲಜನಕವನ್ನು ಹಾಯಿಸಿದರೆ, ಅದರ ಮೇಲೆ ಗಾಜಿನಂತಹ ಆಕ್ಸೈಡ್ ಪದರವು ಬೆಳೆಯುತ್ತದೆ. ಪದರವು ದಪ್ಪವಾದಷ್ಟೂ ಆಮ್ಲಜನಕವು ಅದನ್ನು ದಾಟಿ ಕೆಳಗಿನ ಸಿಲಿಕಾನನ್ನು ಮುಟ್ಟುವುದು ತಡವಾಗುತ್ತದೆ. ಇದನ್ನು ಡೀಲ್ ಮತ್ತು ಗ್ರೋವ್ ಎಂಬವರು 1965ರಲ್ಲಿ ಸಮೀಕರಣವಾಗಿ ಪ್ರಕಟಿಸಿದರು. ಪದರದ ದಪ್ಪವೇ ಅದರ ಅವ್ಯಕ್ತ ಪದ. ಅದು ನಮ್ಮ ಹತ್ತನೆಯ ತರಗತಿಯ ವರ್ಗಸಮೀಕರಣವೇ!

“ಒಣ ಆಮ್ಲಜನಕದಲ್ಲಿ 100 ನ್ಯಾನೋಮೀಟರ್ ಪದರಕ್ಕೆ ಸುಮಾರು 2 ಗಂಟೆ ಬೇಕು, 200ಕ್ಕೆ ಎಷ್ಟು?” ಎಂದು ಅವಳು ಕೇಳಲು, ತರಗತಿಯೆಲ್ಲ “ನಾಲ್ಕು” ಎಂದಿತು. ಲೆಕ್ಕವು ಸುಮಾರು 6 ಎಂದು ತೋರಿಸಿತು. ಆಮ್ಲಜನಕದ ಬದಲು ನೀರಿನ ಹಬೆಯನ್ನು ಹಾಯಿಸಿದರೆ ಮೊದಲ 100ಕ್ಕೆ ಸುಮಾರು 7 ನಿಮಿಷವೇ ಸಾಕು. ಮಕ್ಕಳು “ಯಾಕೆ?” ಎಂದು ತಾವಾಗಿಯೇ ಕೇಳಿದರು.

ಆದರೆ ಮುಂದಿನ ವಾರ ನಾನೇ ಎಡವಿದೆನು. ಅದೇ ಪುಸ್ತಕವನ್ನು ಅಭ್ಯಾಸಕ್ಕೆ ಕೊಟ್ಟು, ಅಂದವಾದ ರೇಖಾಚಿತ್ರಗಳನ್ನು ನೋಡಿ ಪೂರ್ಣ ಅಂಕಗಳನ್ನು ಹಾಕಿದೆನು. ಬಾಯಿಮಾತಿನಲ್ಲಿ ಕೇಳಿದಾಗ, ಎರಡನೆಯ ಗಂಟೆಯಲ್ಲಿ ಬೆಳವಣಿಗೆಯು ಕುಂದುವುದೇಕೆಂದು ಹೇಳಬಲ್ಲವರು ಕೆಲವರೇ. ಉಳಿದವರು ಗುಂಡಿಯನ್ನು ಒತ್ತಿದ್ದರು, ಅಷ್ಟೆ. ಅಕ್ಕಂದಿರ ರೆಕಾರ್ಡ್ ಪುಸ್ತಕವನ್ನು ನೋಡಿ ಬರೆದ ಹಳೆಯ ವಿದ್ಯಾರ್ಥಿನಿಯರಿಗೆ ಇದು ಹೊಸ ವಿದ್ಯೆಯೆಂದು ತೋರಲಾರದು!

ಆದುದರಿಂದ ಈಗ ನಿಯಮವೊಂದನ್ನು ಮಾಡಿದ್ದೇವೆ. ಆಜ್ಞೆಯನ್ನು ನಡೆಯಿಸುವುದಕ್ಕೆ ಮೊದಲು ಊಹೆಯನ್ನು ಕಾಗದದಲ್ಲಿ ಬರೆಯಬೇಕು. ಅದು ತಪ್ಪಿದ್ದಲ್ಲಿ ಕಾರಣವನ್ನೂ ಬರೆಯಬೇಕು. ಅಂಕಗಳು ಕಾರಣಕ್ಕೆ, ಚಿತ್ರಕ್ಕಲ್ಲ.

ಇದು ಕುಲುಮೆಗೆ ಬದಲಾಗಲಾರದೆಂಬುದು ನಿಜ. ಒಣ ಆಮ್ಲಜನಕದಲ್ಲಿ ಮೊದಲ 20-30 ನ್ಯಾನೋಮೀಟರ್ ಪದರವು ಆ ಸಮೀಕರಣವು ಹೇಳುವುದಕ್ಕಿಂತ ಬೇಗ ಬೆಳೆಯುತ್ತದೆ. ಪುಸ್ತಕವು ತನ್ನಷ್ಟಕ್ಕೆ ಈ ಕೊರತೆಯನ್ನು ಒಪ್ಪಿಕೊಳ್ಳುವುದಿಲ್ಲ. ಆಕ್ಸೈಡನ್ನು ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲವು ಪರದೆಯ ಮೇಲೆ ಬರಿಯ ಹೆಸರು. ಪ್ರಯೋಗಶಾಲೆಯಲ್ಲಿ ಅದು ಮೂಳೆಯವರೆಗೂ ಇಳಿಯಬಲ್ಲ ವಿಷ. ಆ ಎಚ್ಚರವನ್ನು ಗುರುಗಳ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಹಾಗಿದ್ದರೂ ಕುಲುಮೆಯಲ್ಲಿ ತಪ್ಪಿದರೆ ಬಿಲ್ಲೆಯೂ ದಿನವೂ ಹಾಳು. ಇಲ್ಲಿ ತಪ್ಪಿದರೆ ಯಾವ ನಷ್ಟವೂ ಇಲ್ಲ. ಖಚಿತವಾಗಿ ತಿಳಿಯದೆ ಬಾಯಿ ತೆರೆಯಬಾರದೆಂದು ಬೆಳೆಯಿಸಲ್ಪಟ್ಟ ನಮ್ಮ ಹುಡುಗಿಯರಿಗೆ, ನಿರ್ಭಯವಾಗಿ ತಪ್ಪುವ ಸ್ಥಳವೊಂದು ದೊರೆಯುವುದು ಅಲ್ಪವಾದ ಲಾಭವಲ್ಲ.

ಪೋಷಕರೇ, ಮನೆಯ ಕಂಪ್ಯೂಟರು ಮಗನಿಗೆ ಮಾತ್ರ ಮೀಸಲಾಗದಿರಲಿ. ಮಗಳು ಅದರ ಮುಂದೆ ಕುಳಿತಾಗ “ಉತ್ತರ ಬಂತೇ?” ಎನ್ನದೆ, “ನೀನು ಏನೆಂದು ಊಹಿಸಿದ್ದೆ?” ಎಂದು ಕೇಳಿರಿ. ಹಳೆಯ ವಿದ್ಯಾರ್ಥಿನಿಯರೇ, ಈ ವಿದ್ಯೆಯನ್ನು ಬಲ್ಲವರು ಒಂದು ಶನಿವಾರ ಬನ್ನಿರಿ. ತರಗತಿಯ ಬಾಗಿಲು ತೆರೆದಿರುವುದು.